ನೆರಿಗೆಯವಳ ಬಣ್ಣ

ಮಾರ್ಚ್ ೬

ಪ್ರೀತಿಯ ಸೊಸೆಗೆ ಅತ್ತೆಯ ಆಶೀರ್ವಾದಗಳು.

ನೀನು ಹಡಗು ಹತ್ತಿ ಏಳು ವಾರವಾಯಿತು. ನಿನ್ನ ಎರಡು ಪತ್ರಗಳೂ ತಲುಪಿದವು. ಇಡೀ ಜಗತ್ತಿನ ಮಾತು ಹೊರುವ ತಂತಿಯನ್ನು ಸಮುದ್ರದ ತಳದಲ್ಲಿ ಜೋಡಿಸುವವಳು ನೀನು, ನಿನ್ನ ಮಾತು ಮಾತ್ರ ಅಂಚೆ ಚೀಲದಲ್ಲಿ ಕೂತು ಹದಿನೈದು ದಿನ ತೂಕಡಿಸಿಕೊಂಡು ಬರುತ್ತದೆ. ನನಗೇನೂ ಬೇಸರವಿಲ್ಲ. ತಿಂಗಳಿಗೊಮ್ಮೆ ಹಡಗಿನಿಂದ ನೀನು ಮಾಡುವ ಐದು ನಿಮಿಷದ ಫೋನು ನಿನ್ನ ಗಂಡನಿಗೇ ಸಾಲದು. ನನ್ನ ಕೈಗೆ ಕೊಟ್ಟರೂ ಈ ಕಿವಿಗೆ ಗುಂಯ್ ಎನ್ನುವುದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಕಾಗದವಾದರೆ ಎರಡು ಸಲ ಓದಬಹುದು, ಬೇಕೆನಿಸಿದರೆ ಮೂರನೆಯ ಸಲ ಬೈದುಕೊಂಡೂ ಓದಬಹುದು.

ನನ್ನ ಮಣಿಕಟ್ಟು ವಾಸಿಯಾಗಿದೆ. ಮೊನ್ನೆ ಡಾಕ್ಟರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇಸ್ತ್ರಿ ಪೆಟ್ಟಿಗೆ ಮುಟ್ಟಕೂಡದು ಎಂದು ಇನ್ನೊಮ್ಮೆ ಹೇಳಿ ಕಳಿಸಿದರು. ಲಾಂಡ್ರಿ ಮುಚ್ಚಿ, ಬೋರ್ಡು ಇಳಿಸಿ, ದೊಡ್ಡ ಮೇಜನ್ನೂ ಕೊಟ್ಟು ಕಳಿಸಿದ ಮೇಲೆ ಮುಟ್ಟುವುದಕ್ಕೆ ಏನು ಉಳಿದಿದೆ ಹೇಳು. ನಾನು ದಿನವಿಡೀ ಕೈಕಟ್ಟಿ ಕೂತಿರುತ್ತೇನೆ. ನಿನ್ನ ಗಂಡ ಮುದ್ರಣಾಲಯದ ಹಗಲು ಪಾಳಿ ಮುಗಿಸಿ ಆರಕ್ಕೆ ಬರುತ್ತಾನೆ, ಉಣ್ಣುತ್ತಾನೆ, ಪತ್ರಿಕೆ ಹರಡಿಕೊಂಡು ಅದರ ಕೆಳಗೇ ನಿದ್ದೆ ಹೋಗುತ್ತಾನೆ.

ಇನ್ನು ನಿನ್ನ ಉಪ್ಪುನೀರಿನ ಸಂಸಾರ. ಹಿಂದಿನ ಕೋಣೆಯ ಗಾಜಿನ ತೊಟ್ಟಿಯನ್ನು ನೀನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋದ ಹಾಳೆಯ ಪ್ರಕಾರವೇ ನೋಡಿಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ ಥರ್ಮಾಮೀಟರಿನ ಅಂಕಿ ಬರೆಯುತ್ತೇನೆ. ನೀರು ಇಳಿದಿದ್ದರೆ ಶೋಧಿಸಿದ ನೀರನ್ನು ಗೆರೆಯವರೆಗೆ ತುಂಬಿಸುತ್ತೇನೆ. ಮೀನುಗಳಿಗೆ ಚಿಟಿಕೆ ಆಹಾರ. ಆ ಎರಡು ಕಿತ್ತಳೆ ಮೀನುಗಳು ನನ್ನನ್ನು ಕಂಡರೆ ಗಾಜಿಗೆ ಮೂತಿ ಒತ್ತಿ ನಿಲ್ಲುತ್ತವೆ. ನಿನ್ನ ಗಂಡ ಅಷ್ಟು ಆಸೆಯಿಂದ ನನ್ನ ಮುಖ ನೋಡಿ ಯಾವ ಕಾಲವಾಯಿತೋ.

ಒಳ್ಳೆಯ ಸುದ್ದಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ನಿನ್ನ ಹವಳಗಳೆಲ್ಲ ಚೊಕ್ಕಟವಾಗಿವೆ. ಮೈತುಂಬ ಮಡಿಕೆ ಮಡಿಕೆಯಾಗಿರುವ ಆ ಗುಂಡನೆಯದಕ್ಕೆ ನಾನು ನೆರಿಗೆಯವಳು ಎಂದು ಹೆಸರಿಟ್ಟಿದ್ದೇನೆ. ನೀನು ಹೋಗುವಾಗ ಅವಳು ಮಾಸಿದ ಹಸಿರು, ಕಂದು ಬಣ್ಣದಲ್ಲಿದ್ದಳು. ಈಗ ನೋಡಬೇಕು, ನೀಲಿ ಹಾಕಿ ಒಗೆದ ಹಾಸಿಗೆ ಬಟ್ಟೆಯ ಹಾಗೆ ಬೆಳ್ಳಗಾಗಿದ್ದಾಳೆ. ಕವಲೊಡೆದ ಹವಳವೂ ಹಾಗೇ, ಬೆರಳು ಬೆರಳಾಗಿ ಆಡುವ ಹವಳವೂ ಹಾಗೇ. ನಾನು ಗಾಜು ಒರೆಸಿದ್ದು ಬಿಟ್ಟರೆ ಏನೂ ಮಾಡಿಲ್ಲ. ನಲವತ್ತು ವರ್ಷ ಊರಿನವರ ಬಟ್ಟೆ ಬೆಳ್ಳಗೆ ಮಾಡಿದ ಕೈಗುಣ ನೀರಿಗೂ ತಾಗಿರಬೇಕು. ನಿನಗೆ ಸಂತೋಷವಾಗುತ್ತದೆ ಎಂದು ಬರೆದೆ.

ನಿನ್ನ ಅತ್ತೆ

ಮಾರ್ಚ್ ೨೨

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ನಿನ್ನೆ ಸಾಮಾನಿನ ದೋಣಿಯಲ್ಲಿ ಬಂತು. ನಾನು ತಂತಿ ಸುತ್ತುವ ದೊಡ್ಡ ಉರುಳೆಯ ಪಕ್ಕ ಕೂತು ಓದಿದೆ. ಪತ್ರಿಕೆಯ ಕೆಳಗೆ ಮಲಗಿದ ನಿಮ್ಮ ಮಗನ ತನಕ ನಗುತ್ತಲೇ ಓದಿದೆ.

ಹವಳದ ವಿಷಯ. ಗಾಬರಿಯೇನೂ ಇಲ್ಲ, ಆದರೆ ಸ್ವಲ್ಪ ಬೇಗ ಕೆಲವು ಕೆಲಸ ಆಗಬೇಕು. ಹವಳ ಕಲ್ಲಲ್ಲ ಅತ್ತೆ, ಪ್ರಾಣಿ. ಅದರ ಚರ್ಮದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಕಂದು ಬಣ್ಣವೆಲ್ಲ ಅದರದೇ. ಬೆಳಕಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಬಡಿಸುವುದೂ ಅದೇ. ಹವಳಕ್ಕೆ ಸಂಕಟವಾದಾಗ, ಹೆಚ್ಚಾಗಿ ನೀರು ಬಿಸಿಯಾದಾಗ, ಕೆಲವೊಮ್ಮೆ ದೀಪ ಮಿತಿಮೀರಿದಾಗ, ಅದು ಅಡುಗೆಯವರನ್ನೇ ಮನೆಯಿಂದ ಹೊರಗೆ ಹಾಕುತ್ತದೆ. ಆಮೇಲೆ ಬೆಳ್ಳಗೆ, ಹಸಿದುಕೊಂಡು ನಿಂತಿರುತ್ತದೆ. ಬೆಳ್ಳಗಾಯಿತೆಂದರೆ ಸತ್ತಿತೆಂದಲ್ಲ. ಮೇಲೆ ತೆಳ್ಳಗೆ ಜೀವಂತ ಚರ್ಮ ಇದ್ದರೆ ಉಳಿಸಬಹುದು. ಚರ್ಮ ಕಿತ್ತುಹೋಗಿ ಅದರ ಮೇಲೆ ಹಸಿರು ಪಾಚಿ ಕೂತಿದ್ದರೆ ಮಾತ್ರ ಹೋಯಿತು ಎಂದು ತಿಳಿಯಬೇಕು. ಗಾಬರಿಯಾಗಬೇಡಿ.

ಫೋನಿನ ದಿನ ನಾಳೆಯೇ. ದೀಪವನ್ನು ಅರ್ಧಕ್ಕೆ ಇಳಿಸಲು ಇವರಿಗೆ ಹೇಳುತ್ತೇನೆ. ನೀವು ಫ್ರೀಜರಿನಲ್ಲಿರುವ ಸಣ್ಣ ಸೀಗಡಿಯ ಬಿಲ್ಲೆಯಲ್ಲಿ ಒಂದು ಮೂಲೆ ಮುರಿದು, ತೊಟ್ಟಿಯದೇ ನೀರಿನಲ್ಲಿ ಕರಗಿಸಿ, ವಾರಕ್ಕೆ ಮೂರು ಸಂಜೆ ಡ್ರಾಪರಿನಿಂದ ಹವಳದ ಮೇಲೆ ಮೆಲ್ಲಗೆ ಬಿಡಿ. ಆಗ ಹತ್ತು ನಿಮಿಷ ಪಂಪು ನಿಲ್ಲಿಸಿ, ಇಲ್ಲದಿದ್ದರೆ ಊಟವೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಅಡುಗೆಯವರು ವಾಪಸು ಬರುವ ತನಕ ನಾವೇ ಬಡಿಸಬೇಕು. ಯಾವುದನ್ನೂ ಜಾಗ ಬದಲಿಸಬೇಡಿ, ಉಜ್ಜಬೇಡಿ. ಬೆಳಗಿನ ಅಂಕಿ ಎಷ್ಟು ಬರುತ್ತಿದೆ ಎಂದು ಬರೆಯಿರಿ, ಅದು ತುಂಬ ಮುಖ್ಯ. ಇಪ್ಪತ್ತಾರರ ಆಸುಪಾಸು ಇರಬೇಕು.

ನೆರಿಗೆಯವಳು ಎಂಬ ಹೆಸರು ನನಗೆ ಹಿಡಿಸಿತು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳು ಅಂಗಿಯ ಗುಂಡಿಯಷ್ಟು ತುಣುಕಾಗಿದ್ದಳು. ಅಂಗೈಯಗಲ ಬೆಳೆಯುವುದಕ್ಕೆ ಒಂಬತ್ತು ವರ್ಷ ಹಿಡಿಯಿತು. ಉಳಿದವು ಹೋದರೂ ತಡೆದುಕೊಳ್ಳುತ್ತೇನೆ, ಅವಳೊಬ್ಬಳು ಉಳಿಯಬೇಕು. ನಿಮ್ಮ ತಪ್ಪೇನೂ ಇಲ್ಲ. ಗಾಬರಿ ಬೇಡ.

ನಿಮ್ಮ ಸೊಸೆ

ಏಪ್ರಿಲ್ ೬

ಪ್ರೀತಿಯ ಸೊಸೆಗೆ,

ಗಾಬರಿಯಿಲ್ಲ ಎಂದು ಮೂರು ಕಡೆ ಬರೆದಿದ್ದೀಯ. ಗಾಬರಿಯಿಲ್ಲದವರು ಒಂದು ಕಡೆಯೂ ಬರೆಯುವುದಿಲ್ಲ ಕಣಮ್ಮ.

ನಿನ್ನ ಪತ್ರ ಓದಿ ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಎನಿಸಿತು. ಹಸಿವಿನಿಂದ ಬಿಳಿಚಿಕೊಂಡ ಜೀವಗಳ ಮುಂದೆ ಕೂತು ಒಂದು ತಿಂಗಳು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೇನೆ. ಪಕ್ಕದ ಮನೆಯವಳನ್ನು ಕರೆದು ತೋರಿಸಿಯೂ ಇದ್ದೆ. ಅವಳು ಎಷ್ಟು ಕ್ಲೀನಾಗಿದೆ ಎಂದು ಹೊಗಳಿ ಹೋಗಿದ್ದಳು. ಈಗ ಅವಳಿಗೆ ಹೇಳುವ ಧೈರ್ಯವಿಲ್ಲ.

ಕನ್ನಡಕ ಹಾಕಿ, ಟಾರ್ಚು ಹಿಡಿದು ಒಂದೊಂದನ್ನೇ ನೋಡಿದೆ. ನೆರಿಗೆಯವಳ ಮೇಲೆ ಚರ್ಮವಿದೆ. ನೆನೆದ ಮಸ್ಲಿನ್ ಬಟ್ಟೆಯಷ್ಟು ತೆಳ್ಳಗೆ, ಒಳಗಿನ ಮೂಳೆ ಕಾಣುತ್ತದೆ, ಆದರೆ ಇದೆ. ಬೆರಳಿನವನೂ ಸಂಜೆ ಹೊತ್ತು ಸ್ವಲ್ಪ ಸ್ವಲ್ಪ ಬೆರಳು ಚಾಚುತ್ತಾನೆ. ಕವಲಿನ ತುದಿಯಲ್ಲಿ ಮಾತ್ರ ಹಸಿರು ಕೂದಲಿನಂಥದ್ದು ಕೂತಿದೆ. ಅದು ಏನು ಎಂದು ನೀನು ಬರೆದ ಮೇಲೆ ನನಗೆ ಗೊತ್ತಾಯಿತು. ಮುಚ್ಚಿಡುವುದೇಕೆ ಎಂದು ಹೇಳುತ್ತಿದ್ದೇನೆ.

ಬೆಳಗಿನ ಅಂಕಿ ಒಂದು ದಿನವೂ ತಪ್ಪಿಲ್ಲ. ಇಪ್ಪತ್ತಾರು, ಇಪ್ಪತ್ತಾರು, ಇಪ್ಪತ್ತಾರು. ಪುಸ್ತಕ ತುಂಬ ಅದೇ ಇದೆ. ಆದ್ದರಿಂದ ಬಿಸಿಯ ಮಾತಿಲ್ಲ, ದೀಪದ್ದೇ ಇರಬೇಕು. ನಿನ್ನ ಗಂಡ ಫೋನು ಇಟ್ಟ ಮರುಗಳಿಗೆಯೇ ಅದನ್ನು ಅರ್ಧಕ್ಕೆ ಇಳಿಸಿದ.

ಊಟ ಬಡಿಸುವುದನ್ನು ನಿನ್ನ ಫೋನು ಬಂದ ಮರುದಿನವೇ, ಕಾರಣ ತಿಳಿಯದಿದ್ದರೂ, ನಿನ್ನ ಗಂಡ ಹೇಳಿದ ಹಾಗೆ ಕಲಿತೆ. ಮೊದಲ ದಿನ ಡ್ರಾಪರು ಜೋರಾಗಿ ಒತ್ತಿ ಎಲ್ಲವೂ ಮೀನಿನ ಪಾಲಾಯಿತು. ಈಗ ಕಾಲರಿಗೆ ಗಂಜಿ ಹಚ್ಚುವ ಹದಕ್ಕೆ ಕೈ ಬಂದಿದೆ. ನೆರಿಗೆಯವಳ ಮಡಿಕೆಗಳ ನಡುವೆ ಸಣ್ಣ ಸಣ್ಣ ಬಾಯಿಗಳಿವೆಯಲ್ಲ, ನೀನು ಹೇಳಿಯೇ ಇರಲಿಲ್ಲ. ಒಂದು ಸೀಗಡಿ ಚೂರು ನುಂಗಲು ಅವಳಿಗೆ ಕಾಲು ಗಂಟೆ ಬೇಕು. ನಾನು ಕುರ್ಚಿ ಹಾಕಿಕೊಂಡು ಕೂತು ನೋಡುತ್ತೇನೆ. ಹೋದ ವಾರ ನಿನ್ನ ಗಂಡ ಆ ಬಿಲ್ಲೆಯನ್ನು ಸೂಪಿಗೆ ಹಾಕಲು ಹೊರಟಿದ್ದ, ಕೈ ಹಿಡಿದು ತಪ್ಪಿಸಿದೆ.

ಕೋಣೆ ಯಾವಾಗಲೂ ಮುಚ್ಚಿಯೇ ಇಟ್ಟಿರುತ್ತೇನೆ, ಧೂಳು ಬರಬಾರದೆಂದು.

ನಿನ್ನ ಅತ್ತೆ

ಏಪ್ರಿಲ್ ೨೨

ಪೂಜ್ಯ ಅತ್ತೆಯವರಿಗೆ,

ಇಲ್ಲಿ ಮೂರು ದಿನದಿಂದ ಅಲೆ ಜೋರು. ಬರೆದ ಅಕ್ಷರ ಸೊಟ್ಟಗಿದ್ದರೆ ಹಡಗಿನದು ತಪ್ಪು. ತಂತಿ ತುಂಡಾದ ಜಾಗ ಸಿಕ್ಕಿದೆ, ಎರಡು ತುದಿಗಳನ್ನೂ ಮೇಲೆತ್ತಿದ್ದೇವೆ. ಕೂದಲೆಳೆಯಂಥ ಗಾಜಿನ ನಾರುಗಳನ್ನು ಒಂದೊಂದಾಗಿ ಬೆಸೆಯುವುದು ನನ್ನ ಪಾಲಿನ ಕೆಲಸ. ಉಸಿರು ಬಿಗಿಹಿಡಿದು ಮಾಡಬೇಕು.

ನಿಮ್ಮ ಪತ್ರ ಐದು ಸಲ ಓದಿದೆ. ನೀವು ಅಷ್ಟು ಹತ್ತಿರದಿಂದ ನೋಡಿ ಬರೆದದ್ದರಿಂದ ಎಲ್ಲವೂ ಕಣ್ಣಿಗೆ ಕಟ್ಟಿತು. ಅಂಕಿ ಇಪ್ಪತ್ತಾರು ಇದ್ದ ಮೇಲೆ ಬಿಸಿಯದಲ್ಲ, ಸರಿಯೇ. ಹಾಗಾದರೆ ದೀಪದ್ದು. ಇವರು ಇಳಿಸಿದೆ ಎನ್ನುವುದು ನನಗೆ ನಂಬಿಕೆಯಿಲ್ಲ. ಗುಂಡಿ ಉಲ್ಟಾ ತಿರುಗಿಸಿರುತ್ತಾರೆ, ಇಲ್ಲವೇ ನೀವು ನೋಡುವಾಗ ಇಳಿಸಿ ಆಮೇಲೆ ಮರೆತು ಮತ್ತೆ ಏರಿಸಿರುತ್ತಾರೆ. ಮನೆಯ ಗೋಡೆ ಗಡಿಯಾರಕ್ಕೆ ಸೆಲ್ ಹಾಕಲು ಎಂಟು ತಿಂಗಳು ತೆಗೆದುಕೊಂಡವರು ಇವರು. ನಾಳೆ ಫೋನಿನಲ್ಲಿ ಕಿವಿ ಹಿಂಡುತ್ತೇನೆ.

ಅತ್ತೆ, ನಿಜ ಹೇಳಲೇ? ಗಾಬರಿಯಾಗಿತ್ತು. ಇಲ್ಲಿ ಸುತ್ತ ಸಮುದ್ರವೇ ಇದೆ, ನನ್ನದೆನ್ನುವ ಅಷ್ಟಗಲದ ಸಮುದ್ರ ಅಲ್ಲಿ ಬಿಳಿಚಿ ಕೂತಿದೆ. ಕೈ ಕೈ ಹಿಸುಕಿಕೊಳ್ಳುವುದು ಬಿಟ್ಟರೆ ನನ್ನಿಂದ ಏನೂ ಆಗುತ್ತಿಲ್ಲ.

ನಿಮ್ಮ ಸೊಸೆ

ಏಪ್ರಿಲ್ ೨೫

ಸೊಸೆಗೆ,

ನಿನ್ನ ಪತ್ರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಮೊನ್ನೆ ನೀನು ಫೋನು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಮಾತು ಕೇಳಿಸಲಿಲ್ಲ, ಆದರೆ ಅವನ ಮುಖ ಕಾಣಿಸಿತು. ಐದು ನಿಮಿಷವೂ "ಇಲ್ಲ ಕಣೇ, ಇಳಿಸಿದ್ದೀನಿ ಕಣೇ" ಎನ್ನುತ್ತಲೇ ಇದ್ದ. ಆಮೇಲೆ ಹೋಗಿ ತೊಟ್ಟಿಯ ಮುಂದೆ ನಿಂತು ದೀಪದ ಗುಂಡಿಯನ್ನು ನೋಡುತ್ತಲೇ ಇದ್ದ. ತಿಂಗಳಿಗೆ ಸಿಗುವುದೇ ಐದು ನಿಮಿಷ, ಅದೂ ಬೈಗುಳಕ್ಕೆ ಹೋಯಿತು.

ಅವನು ಸುಳ್ಳು ಹೇಳುವವನಲ್ಲ, ಸೋಮಾರಿ ಅಷ್ಟೇ. ದೀಪವಲ್ಲದಿದ್ದರೆ ಮತ್ತೇನು ಎಂದು ನಿನ್ನೆ ಬೆಳಗಿನಿಂದ ಅದೇ ಕೋಣೆಯಲ್ಲಿದ್ದೆ. ಮಧ್ಯಾಹ್ನ ನಾಲ್ಕಕ್ಕೆ ಯಾಕೋ ಥರ್ಮಾಮೀಟರ್ ನೋಡಿದೆ. ನೀನು ಏಳಕ್ಕೆ ನೋಡಿ ಎಂದು ಬರೆದಿದ್ದೆ, ಆದ್ದರಿಂದ ನಾನು ಏಳಕ್ಕೆ ಬಿಟ್ಟು ಬೇರೆ ಹೊತ್ತಿನಲ್ಲಿ ಅದರ ಮುಖ ನೋಡಿದವಳೇ ಅಲ್ಲ. ಮೂವತ್ತೆರಡು ಇತ್ತು.

ಈಗ ಹೇಳುತ್ತೇನೆ. ನಾನು ಕೈಕಟ್ಟಿ ಕೂತಿಲ್ಲ. ನೀನು ಹೋದ ಎರಡನೆಯ ವಾರದಿಂದ ಹಳೆಯ ಗಿರಾಕಿಗಳ ಅಂಗಿಗಳನ್ನು ಹಿಂಬಾಗಿಲಿನಿಂದ ತರಿಸಿಕೊಂಡು ಇಸ್ತ್ರಿ ಮಾಡುತ್ತಿದ್ದೇನೆ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ. ನನ್ನ ಹಳೆಯ ದಪ್ಪ ಪೆಟ್ಟಿಗೆಗೆ ದೊಡ್ಡ ಪ್ಲಗ್ಗೇ ಬೇಕು, ಅದು ಇರುವುದು ನಿನ್ನ ಕೋಣೆಯಲ್ಲಿ ಮಾತ್ರ. ಅಲ್ಲಿ ಆಗಲೇ ಒಂದು ಡಬ್ಬಿಯ ವಯರು ಸಿಕ್ಕಿಸಿತ್ತು, ಸದಾ ಗುರ್ ಎನ್ನುತ್ತಿತ್ತು. ಮೀನಿಗೆ ಗಾಳಿ ಬೇರೆ ಕಡೆಯಿಂದ ಬರುತ್ತಿದೆಯಲ್ಲ, ಇದೇನೋ ಹೆಚ್ಚಿನದು ಎಂದು ಅದನ್ನು ತೆಗೆದು ನನ್ನದನ್ನು ಹಾಕುತ್ತಿದ್ದೆ. ಸಂಜೆ ಮತ್ತೆ ಅದನ್ನೇ ಹಾಕಿಬಿಡುತ್ತಿದ್ದೆ. ನಿನ್ನೆ ಆ ಡಬ್ಬಿಯ ಹಿಂದೆ ಅಂಟಿಸಿದ್ದ ಕಾಗದ ಓದಿಸಿದೆ. ನೀರು ತಂಪಾಗಿಸುವ ಯಂತ್ರವಂತೆ. ಅದನ್ನು ಕಿತ್ತು, ಕಿಟಕಿ ಬಾಗಿಲು ಮುಚ್ಚಿ, ಪಕ್ಕದಲ್ಲೇ ಹಬೆ ಎಬ್ಬಿಸಿ, ದಿನಾ ಆರು ಗಂಟೆ ನಿನ್ನ ಹವಳಗಳನ್ನು ನಾನೇ ಬೇಯಿಸಿದ್ದೇನೆ. ರಾತ್ರಿಯೆಲ್ಲ ಯಂತ್ರ ತಂಪು ಮಾಡಿ ಬೆಳಿಗ್ಗೆ ಏಳಕ್ಕೆ ಇಪ್ಪತ್ತಾರು ತೋರಿಸಿ ನನ್ನನ್ನು ಕಾಪಾಡುತ್ತಿತ್ತು.

ಆಗಲೇ ಪೆಟ್ಟಿಗೆಯ ವಯರು ಕಿತ್ತೆ. ಇನ್ನು ಅದನ್ನು ಮುಟ್ಟುವುದಿಲ್ಲ. ಅವನಿಗೂ ಹೇಳಿದೆ. ತಲೆ ತಗ್ಗಿಸಿ ಹೇಳಿದೆ. ಅವನು ಏನೆಂದ ಗೊತ್ತೇ? "ಇಸ್ತ್ರಿ ಮಾಡ್ತಿರೋದು ಗೊತ್ತಿತ್ತಮ್ಮ. ನನ್ನ ಕಾಲರ್ ನೋಡಿದ್ರೆ ಗೊತ್ತಾಗಲ್ವಾ. ನೀನು ಖುಷಿಯಾಗಿದ್ದೆ, ಅದಕ್ಕೆ ಸುಮ್ಮನಿದ್ದೆ." ಅವನು ಹಾಗೆನ್ನದೆ ಬೈದಿದ್ದರೇ ವಾಸಿಯಿತ್ತು.

ಕವಲಿನದು ಪೂರ್ತಿ ಹೋಯಿತು. ನೆರಿಗೆಯವಳು ಹಾಗೇ ಇದ್ದಾಳೆ, ಬೆಳ್ಳಗೆ. ನೀನು ಒಂಬತ್ತು ವರ್ಷ ಬೆಳೆಸಿದ್ದನ್ನು ನಾನು ಮೂರೇ ತಿಂಗಳಲ್ಲಿ ಈ ಗತಿಗೆ ತಂದೆ. ಕ್ಷಮಿಸು ಎನ್ನಲು ಬಾಯಿ ಬರುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕ್ಷಮಿಸು.

ಅತ್ತೆ

ಮೇ ೧೧

ಪೂಜ್ಯ ಅತ್ತೆಯವರಿಗೆ,

ನಿಮ್ಮ ಪತ್ರ ಬಂತು. ಮೊದಲು ನಾನು ಇವರ ಕ್ಷಮೆ ಕೇಳಬೇಕು. ಫೋನಿನ ದಿನ ಇನ್ನೂ ಹನ್ನೆರಡು ದಿನ ದೂರವಿದೆ, ಅಲ್ಲಿಯತನಕ ನೀವೇ ನನ್ನ ಪರವಾಗಿ ಒಂದು ಒಳ್ಳೆಯ ಮಾತು ಹೇಳಿಬಿಡಿ.

ಎರಡನೆಯದಾಗಿ, ನಾನೂ ತಪ್ಪಿತಸ್ಥೆ. ನಿಮ್ಮ ಏಪ್ರಿಲ್ ಆರರ ಪತ್ರದ ಮೂಲೆಯಲ್ಲಿ ಕಂದು ಬಣ್ಣದ ಒಂದು ಚೂಪು ಗುರುತಿತ್ತು. ಇಸ್ತ್ರಿ ಪೆಟ್ಟಿಗೆಯ ಮೂತಿಯಂತೆಯೇ ಇತ್ತು. ಕಾಗದವೂ ಒಂದು ಸುಕ್ಕಿಲ್ಲದೆ ಗರಿಗರಿಯಾಗಿತ್ತು. ಪತ್ರಕ್ಕೂ ಇಸ್ತ್ರಿ ಹಾಕಿ ಕಳಿಸಿದ್ದೀರಿ ಎಂದು ನಕ್ಕೆ. ಅತ್ತೆ ಕೆಲಸ ಮಾಡುತ್ತಿದ್ದಾರೆ, ಮೈ ಕೈ ಚುರುಕಾಗಿದೆ ಎಂದು ಒಳಗೊಳಗೇ ಸಂತೋಷಪಟ್ಟು ಬಾಯಿಗೆ ಬೀಗ ಹಾಕಿಕೊಂಡೆ. ಆ ಮನೆಯಲ್ಲಿ ದೊಡ್ಡ ಪ್ಲಗ್ಗು ಇರುವುದು ಒಂದೇ ಕಡೆ ಎಂಬುದು ನನಗೆ ಹೊಳೆಯಲೇ ಇಲ್ಲ. ಅದನ್ನು ಹಾಕಿಸಿದವಳೇ ನಾನು. ಆ ಯಂತ್ರ ಏನು ಎಂದು ಹಾಳೆಯಲ್ಲಿ ಬರೆಯದವಳೂ ನಾನೇ. ನನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಒಬ್ಬರ ಮನಸ್ಸು ಒಬ್ಬರು ನೋಯಿಸಬಾರದೆಂದು ಮೂವರೂ ಸುಮ್ಮನಿದ್ದೆವು, ನಡುವೆ ಹವಳ ಬೆಂದಿತು.

ಇಸ್ತ್ರಿ ಬಿಡಬೇಡಿ. ಬಿಟ್ಟರೆ ನೀವೂ ಬಿಳಿಚಿಕೊಳ್ಳುತ್ತೀರಿ. ಅಡುಗೆಮನೆಯ ಹಿಂದಿನ ಜಗಲಿಗೆ ಗಾಳಿ ಚೆನ್ನಾಗಿ ಬರುತ್ತದೆ, ಅಲ್ಲಿ ಇನ್ನೊಂದು ದೊಡ್ಡ ಪ್ಲಗ್ಗು ಹಾಕಿಸಲು ಇವರಿಗೆ ಹೇಳಿ. ಎಂಟು ತಿಂಗಳು ತೆಗೆದುಕೊಂಡರೆ ಊಟ ನಿಲ್ಲಿಸಿ. ಡಾಕ್ಟರನ್ನು ಕೇಳಿ, ಹಗುರವಾದ ಪೆಟ್ಟಿಗೆಯಲ್ಲಿ ದಿನಕ್ಕೆ ಒಂದು ಗಂಟೆ ಮಾಡಬಹುದೇ ಎಂದು.

ಈಗ ನೀರು ಇಡೀ ದಿನ ಇಪ್ಪತ್ತಾರರಲ್ಲಿ ನಿಂತಿದ್ದರೆ ನೆರಿಗೆಯವಳಿಗೆ ಅವಕಾಶವಿದೆ. ತಿಂಗಳುಗಟ್ಟಲೆ ಹಿಡಿಯಬಹುದು. ಊಟ ತಪ್ಪಿಸಬೇಡಿ. ಬಡಿಸುವ ಕೈ ನಿಮ್ಮದಾಗಿರುವುದರಿಂದ ನನಗೆ ಈಗ ಸಮಾಧಾನ.

ನಿಮ್ಮ ಸೊಸೆ

ಮೇ ೧೨

ಸೊಸೆಗೆ,

ಈ ಪತ್ರ ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೆ ಬರೆಯಲೇಬೇಕು.

ಇವತ್ತು ಮಧ್ಯಾಹ್ನ ನಿನಗೆ ತೊಟ್ಟಿ, ಹವಳ ಕೊಟ್ಟ ಮೀನಂಗಡಿಯವರು ಬಂದಿದ್ದರು. ಎತ್ತರದ ಮನುಷ್ಯ, ಅಂಗಿಯ ತೋಳು ಮೊಣಕೈವರೆಗೆ ಒದ್ದೆ, ಇಸ್ತ್ರಿ ಕಂಡು ವರ್ಷಗಳಾಗಿರಬೇಕು. ಜೊತೆಗೆ ಎರಡು ದೊಡ್ಡ ಥರ್ಮೋಕೋಲ್ ಪೆಟ್ಟಿಗೆ ತಂದಿದ್ದರು. ನಿನ್ನ ಕೈಬರಹದ ಚೀಟಿ ತೋರಿಸಿದರು. ಮೇ ತಿಂಗಳಲ್ಲಿ ಬಂದು ಮೀನು, ಹವಳ, ತೊಟ್ಟಿ ಎಲ್ಲವನ್ನೂ ತೆಗೆದುಕೊಂಡು ಹೋಗಿ ಎಂದು ಬರೆದಿತ್ತು.

ನನ್ನ ತಪ್ಪೊಪ್ಪಿಗೆ ನಿನಗೆ ತಲುಪಿದೆ ಎಂದು ಆಗ ತಿಳಿಯಿತು. ಇನ್ನು ಒಂದು ದಿನವೂ ನನ್ನ ಕೈಯಲ್ಲಿ ಬಿಡಬಾರದು ಎಂದು ನಿನಗನಿಸಿದ್ದರೆ ಅದು ನ್ಯಾಯವೇ. ನಿನ್ನ ಜಾಗದಲ್ಲಿ ನಾನಿದ್ದರೆ ಇನ್ನೂ ಮೊದಲೇ ಕಳಿಸುತ್ತಿದ್ದೆ. ಗಿರಾಕಿಯ ಒಳ್ಳೆಯ ಅಂಗಿ ಸುಟ್ಟವಳ ಕೈಗೆ ನಾನು ಇನ್ನೊಂದು ಅಂಗಿ ಕೊಟ್ಟವಳಲ್ಲ.

ಆದರೂ ನಾನು ಬಾಗಿಲಿಗೆ ಅಡ್ಡ ನಿಂತೆ. ತಪ್ಪಾಯಿತು, ಆದರೆ ನಿಂತೆ. ಒಂದು ಸಲ ನೋಡಿ, ಆಮೇಲೆ ಬೇಕಾದರೆ ಒಯ್ಯಿರಿ ಎಂದೆ. ಅವರು ತೊಟ್ಟಿಯ ಮುಂದೆ ಮೊಣಕಾಲೂರಿ ಕೂತು, ಗಾಜಿಗೆ ಮೂಗು ತಾಗಿಸಿ ಒಂದೊಂದನ್ನೇ ನೋಡಿದರು. ಮೂರು ದಿನದಿಂದ ನೆರಿಗೆಯವಳ ಬುಡದಲ್ಲಿ ಒಂದು ಮಸುಕು ಕಲೆ ಕಾಣುತ್ತಿತ್ತು, ಬಟ್ಟೆಯ ಮೇಲೆ ಟೀ ಚೆಲ್ಲಿ ಒಣಗಿದ ಹಾಗೆ. ಕಲೆ ಕಂಡರೆ ನನ್ನ ಕೈ ತಾನಾಗಿ ಸೋಪಿನ ಕಡೆ ಹೋಗುತ್ತದೆ. ನೀನು ಉಜ್ಜಬೇಡಿ ಎಂದಿದ್ದೆ, ಅದಕ್ಕೆ ಕೈ ಹಿಂದಕ್ಕೆ ಕಟ್ಟಿಕೊಂಡು ಸಂಕಟಪಡುತ್ತಿದ್ದೆ. ಇದೇನೋ ಹೊಸ ರೋಗ ಎಂದುಕೊಂಡಿದ್ದೆ. ಅವರಿಗೆ ಅದನ್ನು ತೋರಿಸಿದೆ.

ಅವರು ಹೇಳಿದರು, "ಇದು ರೋಗ ಅಲ್ಲಮ್ಮ. ಬಣ್ಣ ವಾಪಸ್ ಬರ್ತಿದೆ. ಮೊದಲು ಹೀಗೇ ಕೊಳೆ ಥರ ಬರೋದು."

ನಾನು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ. ಬದುಕೆಲ್ಲ ಕಲೆ ತೆಗೆದವಳು ಒಂದು ಕಲೆ ನೋಡಿ ಅತ್ತುಬಿಟ್ಟೆ. ಆ ಮನುಷ್ಯ ಏನು ಮಾಡಬೇಕೋ ತಿಳಿಯದೆ ತನ್ನ ಒದ್ದೆ ತೋಳು ಹಿಂಡಿಕೊಳ್ಳುತ್ತ ನಿಂತಿದ್ದರು. ಈಗ ಅಲುಗಾಡಿಸಿದರೆ ಅವಳು ತಡೆಯಲಾರಳು ಎಂದು ಅವರೇ ಹೇಳಿ, ಪೆಟ್ಟಿಗೆಗಳನ್ನು ಖಾಲಿಯಾಗಿಯೇ ವಾಪಸು ಒಯ್ದರು. ನಿನ್ನ ಮಾತು ತಿಳಿದುಕೊಂಡು ಜೂನ್ ಕೊನೆಗೆ ಬರುತ್ತಾರಂತೆ.

ತೊಟ್ಟಿ ನಿನ್ನದು, ತೀರ್ಮಾನವೂ ನಿನ್ನದು. ನಾನು ಕೇಳುವುದು ಇಷ್ಟೇ, ಅವಳಿಗೆ ಪೂರ್ತಿ ಬಣ್ಣ ಬರುವ ತನಕ ನನ್ನ ಹತ್ತಿರ ಬಿಡು. ಕೆಡಿಸಿದವಳು ನಾನು, ಸರಿ ಮಾಡಿ ಕೊಡುತ್ತೇನೆ. ಆಮೇಲೆ ಬೇಕಾದರೆ ಒಯ್ಯಲಿ, ನಾನೇ ಬಾಗಿಲು ತೆಗೆದು ಹಿಡಿಯುತ್ತೇನೆ.

ಅತ್ತೆ

ಮೇ ೨೮

ಅತ್ತೆ,

ನಿಮ್ಮ ಪತ್ರ ಈಗಷ್ಟೇ ಬಂತು. ದೋಣಿ ಇನ್ನೂ ಪಕ್ಕದಲ್ಲೇ ನಿಂತಿದೆ, ಹೊರಡುವ ಮೊದಲು ಇದನ್ನು ಚೀಲಕ್ಕೆ ಹಾಕಬೇಕು. ಫೋನಿನ ದಿನ ಐದು ದಿನದ ಹಿಂದೆಯೇ ಆಗಿಹೋಯಿತು. ಅವತ್ತು ಇವರು ಇದರ ಸುದ್ದಿಯನ್ನೇ ಎತ್ತಲಿಲ್ಲ. ನೀವು ಇವರಿಗೂ ಹೇಳಿಲ್ಲವೆಂದು ಈಗ ಗೊತ್ತಾಗುತ್ತಿದೆ.

ಆ ಚೀಟಿ ನಾನು ಜನವರಿಯಲ್ಲಿ ಬರೆದದ್ದು, ಹೊರಡುವ ಹಿಂದಿನ ದಿನ. ನಿಮ್ಮ ತಪ್ಪೊಪ್ಪಿಗೆ ನನಗೆ ತಲುಪಿದ್ದೇ ಅವರು ಮನೆಗೆ ಬರುವ ಹಿಂದಿನ ದಿನ, ನಿಮ್ಮ ತಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ತಾರೀಕು ಹಾಕದೆ ಕೊಟ್ಟಿದ್ದೆ, ಇಷ್ಟೆಲ್ಲ ಆಗುವಾಗ ಅದು ನನ್ನ ತಲೆಯಿಂದಲೇ ಹಾರಿಹೋಗಿತ್ತು.

ಯಾಕೆ ಬರೆದೆ ಎಂದೂ ಹೇಳಿಬಿಡುತ್ತೇನೆ. ಡಿಸೆಂಬರಿನಲ್ಲಿ ಒಂದು ದಿನ ನಾನು ಬಟ್ಟೆ ಒಣಹಾಕುತ್ತಿದ್ದೆ. ನೀವು ಪಕ್ಕದ ಮನೆಯವರ ಜೊತೆ ಮಾತಾಡುತ್ತಿದ್ದಿರಿ. "ಈ ಮನೇಲಿ ನನಗಿಂತ ಆ ಉಪ್ಪುನೀರಿನ ಡಬ್ಬಕ್ಕೇ ಜಾಸ್ತಿ ಜಾಗ" ಎಂದಿರಿ. ನಿಮ್ಮ ಮೇಜು ಹೋಗಿತ್ತು, ಅಂಗಡಿ ಹೋಗಿತ್ತು, ನನ್ನ ತೊಟ್ಟಿ ಮಾತ್ರ ಒಂದು ಕೋಣೆ ತುಂಬ ಕೂತಿತ್ತು. ನಾನು ಇಲ್ಲದಿರುವಾಗಲೇ ಅದು ಹೋಗಿಬಿಟ್ಟರೆ ನನಗೂ ನೋವು ಕಡಿಮೆ, ನಿಮಗೂ ಕೋಣೆ ಸಿಗುತ್ತದೆ ಎಂದುಕೊಂಡೆ. ಎದುರಿಗೆ ನಿಂತು ಕೇಳಲು ಧೈರ್ಯ ಬರಲಿಲ್ಲ. ನಾನು ಬರುವ ತನಕ ನೋಡಿಕೊಳ್ಳಿ ಎಂದು ಒಪ್ಪಿಸಿ, ಬೆನ್ನ ಹಿಂದೆ ತೆಗೆದುಕೊಂಡು ಹೋಗುವವರಿಗೂ ಹೇಳಿ ಬಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನೀವು ಬಾಗಿಲಿಗೆ ಅಡ್ಡ ನಿಂತದ್ದನ್ನು ಓದಿ ನನಗೆ ಅಳು ತಡೆಯಲಾಗಲಿಲ್ಲ. ನನ್ನ ಜೊತೆ ನಾರು ಬೆಸೆಯುವವಳು ಯಾರಿಗೆ ಏನಾಯಿತು ಎಂದು ಓಡಿಬಂದಳು. ಯಾರಿಗೂ ಏನೂ ಆಗಿಲ್ಲ, ನಮ್ಮ ಅತ್ತೆಗೆ ಕಲೆ ಕಂಡಿದೆ ಎಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ.

ಮೀನಂಗಡಿಯವರಿಗೂ ಇದೇ ದೋಣಿಯಲ್ಲಿ ಬೇರೆ ಪತ್ರ ಹೋಗುತ್ತಿದೆ. ನೀವು ಬೇಡವೆಂದರೆ ಮಾತ್ರ ಆ ತೊಟ್ಟಿ ಹೊರಗೆ ಹೋಗುತ್ತದೆ. ಈ ಸಲ ನೇರವಾಗಿ ಕೇಳುತ್ತಿದ್ದೇನೆ. ಅದು ಇರಲೇ, ಹೋಗಲೇ? ನನಗೆ ಬೇಸರವಾಗುತ್ತದೆ ಎಂದು ನೋಡಬೇಡಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ನಿಮ್ಮ ಸೊಸೆ

ಜೂನ್ ೧೩

ಪ್ರೀತಿಯ ಮಗಳೇ,

ನಿನ್ನ ಎರಡೂ ಪತ್ರಗಳು ನನ್ನ ದಿಂಬಿನ ಕೆಳಗಿವೆ. ಮೇ ಹನ್ನೊಂದರದು ಮೊದಲು ಬಂತು. ಅದನ್ನು ಓದಿ, ಇಷ್ಟು ಪ್ರೀತಿಯಿಂದ ಬರೆಯುವವಳು ಪೆಟ್ಟಿಗೆ ಹೊತ್ತವರನ್ನು ಯಾಕೆ ಕಳಿಸಿದಳು ಎಂದು ತಲೆ ಕೆರೆದುಕೊಂಡೆ. ಎರಡನೆಯದು ಇವತ್ತು ಬೆಳಿಗ್ಗೆ ಬಂತು.

ಹೌದು, ಆ ಮಾತು ಆಡಿದ್ದೆ. ಆಡಿಲ್ಲ ಎಂದು ಸಾಧಿಸುವ ವಯಸ್ಸಲ್ಲ ನನ್ನದು. ಆದರೆ ನನಗೆ ಹೊಟ್ಟೆಕಿಚ್ಚಾಗಿದ್ದು ಕೋಣೆಯ ಮೇಲಲ್ಲ. ನೀನು ಕೆಲಸದಿಂದ ಬಂದವಳು ಕೈಕಾಲು ತೊಳೆದು ನೆಟ್ಟಗೆ ಅದರ ಮುಂದೆ ಹೋಗಿ ಕೂರುತ್ತಿದ್ದೆ. ಗಂಟೆಗಟ್ಟಲೆ ಅದರ ಜೊತೆ ಮಾತಾಡುತ್ತಿದ್ದೆ. ಅಂಗಡಿ ಮುಚ್ಚಿದ ಮೇಲೆ ನನ್ನ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ಡಬ್ಬಕ್ಕೆ ಸಿಕ್ಕಿದ್ದು ನನಗೆ ಸಿಗಲಿಲ್ಲ ಎಂದು ಉರಿಯಿತು, ನಾಲಿಗೆ ಜಾರಿತು. ಈಗ ಅದರ ಮುಂದೆ ನಾನೇ ಕೂತು ಮಾತಾಡುತ್ತೇನೆ, ನೀನು ಏನು ಮಾತಾಡುತ್ತಿದ್ದೆ ಎಂದೂ ಅರ್ಥವಾಗಿದೆ. ನನ್ನ ಮಾತು ನಿನ್ನ ಕಿವಿಗೆ ಬಿದ್ದು ಆರು ತಿಂಗಳು ನಿನ್ನನ್ನು ಕೊರೆಯಿತಲ್ಲ, ಅದೊಂದೇ ನನಗೆ ದುಃಖ.

ಇಲ್ಲಿಯ ವರದಿ. ಜಗಲಿಯಲ್ಲಿ ಹೊಸ ಪ್ಲಗ್ಗು ಬಂದಿದೆ. ನನ್ನ ಮಗ ನಾಲ್ಕೇ ದಿನದಲ್ಲಿ ಹಾಕಿಸಿದ, ಊಟ ನಿಲ್ಲಿಸುವ ಪ್ರಸಂಗ ಬರಲಿಲ್ಲ. ಡಾಕ್ಟರು ಹಗುರದ ಪೆಟ್ಟಿಗೆಗೆ ಒಂದು ಗಂಟೆ ಒಪ್ಪಿದರು, ಮುಖ ಹುಳ್ಳಗೆ ಮಾಡಿಕೊಂಡೇ ಒಪ್ಪಿದರು. ಮೀನಂಗಡಿಯವರು ಹೋದ ವಾರ ಉಪ್ಪಿನಂಶ ಪರೀಕ್ಷೆ ಮಾಡಲು ಬಂದವರು ಐದು ಅಂಗಿ ಬಿಟ್ಟು ಹೋಗಿದ್ದಾರೆ. ಅವುಗಳ ಸ್ಥಿತಿ ನೋಡಿದರೆ ನೆರಿಗೆಯವಳಿಗಿಂತ ಅವೇ ಹೆಚ್ಚು ದಿನ ತೆಗೆದುಕೊಳ್ಳುತ್ತವೆ.

ನೆರಿಗೆಯವಳ ಬುಡದ ಕಂದು ಈಗ ಅರ್ಧ ಮೈಗೆ ಹತ್ತಿದೆ. ಎರಡು ಮಡಿಕೆಗಳ ಒಳಗೆ ಹಸಿರು ಕಾಣುತ್ತಿದೆ, ಮೊದಲಿನಷ್ಟು ಗಾಢವಲ್ಲ, ಆದರೆ ಹಸಿರೇ. ನಾನು ದಿನಕ್ಕೆ ಮೂರು ಹೊತ್ತು ಥರ್ಮಾಮೀಟರ್ ನೋಡುತ್ತೇನೆ. ಪುಸ್ತಕದಲ್ಲಿ ಈಗ ಸುಳ್ಳು ಇಪ್ಪತ್ತಾರು ಒಂದೂ ಇಲ್ಲ. ಮೇಲಿನ ಒಂದು ಅಂಚು ಬೆಳ್ಳಗೇ ಉಳಿಯಬಹುದು ಎಂದು ಮೀನಂಗಡಿಯವರು ಹೇಳಿದರು. ಉಳಿಯಲಿ, ಅದು ನನ್ನ ಲೆಕ್ಕಕ್ಕೆ ಇರಲಿ.

ಇರಲೇ ಹೋಗಲೇ ಎಂದು ಕೇಳಿದ್ದೀಯ. ಇದ್ದದ್ದನ್ನು ಇದ್ದ ಹಾಗೆ ಬರೆ ಎಂದೂ ಹೇಳಿದ್ದೀಯ. ಬರೆಯುತ್ತೇನೆ. ನೀನು ಜುಲೈನಲ್ಲಿ ಬರುತ್ತೀಯ ಎಂದು ನಿನ್ನ ಗಂಡ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾನೆ. ನನಗೆ ಹಿಡಿಸಲಾರದಷ್ಟು ಸಂತೋಷ. ಆದರೆ ಅದರ ಜೊತೆಗೆ ಒಂದು ಸಣ್ಣ ಹೆದರಿಕೆಯೂ ಇದೆ, ನೀನು ಬಂದ ದಿನದಿಂದ ಆ ಕುರ್ಚಿ ನಿನ್ನದಾಗುತ್ತದೆ, ನನಗೆ ಅಲ್ಲಿ ಕೆಲಸವಿರುವುದಿಲ್ಲ ಎಂದು. ನಿನ್ನ ವಸ್ತುವಿನ ಮೇಲೆ ನನಗೆ ಹಕ್ಕಿಲ್ಲ ಎಂದು ಗೊತ್ತು. ಆದರೂ ನೀನು ಕೇಳಿದ್ದರಿಂದ ನಾನೂ ಕೇಳುತ್ತೇನೆ.

ತೊಟ್ಟಿ ಇರಲಿ. ಸಂಜೆಯ ಸರದಿ ನಿನಗೇ ಇರಲಿ. ಬೆಳಗಿನದು ನನಗೆ ಬಿಡು.

ನಿನ್ನ ಅತ್ತೆ